ತೀನ್ ಕಂದೀಲ್ ಹತ್ತಿರದ ಬೋರ್ಡಿಲ್ಲದ ಮೊಬೈಲ್ ಅಂಗಡಿ: ಐದಕ್ಕೆ ನಾಲ್ಕು

ಈ ಅಂಗಡಿಗೆ ಬೋರ್ಡು ಇಲ್ಲ. ರಾಯಚೂರಿನ ತೀನ್ ಕಂದೀಲ್ ಹತ್ತಿರದ ಒಂದು ಗಲ್ಲಿಯಲ್ಲಿ, ಬಳೆ ಅಂಗಡಿಗೂ ಚಹಾದ ಅಂಗಡಿಗೂ ನಡುವೆ ಸಿಕ್ಕಿಕೊಂಡಿದೆ. ಶಟರ್ ಮೇಲೆ ಯಾರೋ ಬಣ್ಣದಲ್ಲಿ 'ಮೊಬೈಲ್ ರಿಪೇರಿ' ಎಂದು ಬರೆದಿದ್ದಾರೆ. ಶಟರ್ ಎತ್ತಿದರೆ ಆ ಅಕ್ಷರವೂ ಮೇಲೆ ಸುತ್ತಿಕೊಂಡು ಹೋಗುತ್ತದೆ. ಅಂದರೆ ಅಂಗಡಿ ಮುಚ್ಚಿದಾಗ ಮಾತ್ರ ಇದು ಯಾವ ಅಂಗಡಿ ಅಂತ ಓದಬಹುದು.

ಒಳಗೆ ಒಂದು ಟೇಬಲ್, ಭೂತಗನ್ನಡಿ ಇರುವ ಒಂದು ದೀಪ, ಒಂದು ಪುಟ್ಟ ಫ್ಯಾನು. ಫ್ಯಾನಿನ ಗಾಳಿ ಫೋನಿಗೆ, ಗಿರಾಕಿಗಲ್ಲ. ಕೂತಿರುವವರನ್ನು ಎಲ್ಲರೂ ಭಾಯ್ ಅಂತಾರೆ, ನಾನೂ ಹಾಗೇ ಕರೆಯುತ್ತೇನೆ.

ನಾನು ಊರಿನ ಕೃಷಿ ಮಾರುಕಟ್ಟೆ ರಾಜೇಂದ್ರ ಗಂಜ್‌ನ ಒಂದು ಅಡತಿ (ಕಮಿಷನ್ ಏಜೆಂಟರ) ಅಂಗಡಿಯಲ್ಲಿ ಗುಮಾಸ್ತ. ಒಂದು ವರ್ಷದಲ್ಲಿ ಇಲ್ಲಿಗೆ ಬೇರೆ ಬೇರೆ ಫೋನು ಹಿಡಿದು ಹಲವು ಸಲ ಹೋಗಿದ್ದೇನೆ. ಒಂದು ಸಲವೂ ಭಾಯ್ ಸ್ಕ್ರೂಡ್ರೈವರ್ ಮುಟ್ಟಲಿಲ್ಲ. ಇದನ್ನು ಬರೆಯುವುದಕ್ಕೆ ಅದೇ ಕಾರಣ.

ಮೊದಲನೆಯದು ಹತ್ತಿ ಸೀಜನ್‌ನಲ್ಲಿ ಆದದ್ದು. ಗಂಜ್ ತುಂಬ ಅಂಡಿಗೆಗಳು, ರೈತರು ದುಡ್ಡಿಗೆ ಕಾಯುತ್ತ ಕೂತಿದ್ದಾರೆ, ಸಾವ್ಕಾರ್ರು ಹಿಂದೆ ನಿಂತು "ಹಾಕಿದ್ಯಾ? ಹಾಕಿದ್ಯಾ?" ಅಂತಿದ್ದಾರೆ. ನನ್ನ ಫೋನಿನಲ್ಲಿ ಬ್ಯಾಂಕ್ ಆಪ್ ತೆರೆದರೆ ಕಣ್ಣು ಮಿಟುಕಿಸುವುದರೊಳಗೆ ಮುಚ್ಚಿಕೊಳ್ಳುತ್ತದೆ. ಮೇಲ್ ಕೂಡ ಅದೇ ಕಥೆ. ನ್ಯೂಸ್ ಆಪ್ ಕೂಡ. ಆಫ್ ಮಾಡಿ ಆನ್ ಮಾಡಿದೆ. ಆಪ್ ತೆಗೆದು ಮತ್ತೆ ಹಾಕಿದೆ. ಏನೂ ಆಗಲಿಲ್ಲ.

ಮೊದಲು ಹೋದದ್ದು ಎಸಿ ಇರುವ ಬೇರೊಂದು ಅಂಗಡಿಗೆ. ಹುಡುಗ ಫೋನನ್ನು ಎರಡು ಸಲ ತಿರುಗಿಸಿ ನೋಡಿ, "ಸಾಫ್ಟ್‌ವೇರ್ ಹೋಗ್ಯಾದ್ರಿ, ಹೊಸದು ಹೊಡೀಬೇಕು, 800 ಆಗ್ತಾದ, ಒಳಗಿನ ಫೋಟೋ ಎಲ್ಲ ಹೋಗ್ತಾವ" ಎಂದ. ನನ್ನ ಫೋನಿನಲ್ಲಿ ಎರಡು ಸೀಜನ್‌ನ ತೂಕದ ಚೀಟಿಗಳ ಫೋಟೋ ಇದ್ದವು. ಯೋಚಿಸಿ ಬರ್ತೀನಿ ಅಂತ ಹೇಳಿ ಎದ್ದು ಬಂದೆ. ಚಹಾ ಕುಡಿಯಲು ನಿಂತಾಗ ಪಕ್ಕದಲ್ಲಿ ಭಾಯ್ ಕಂಡರು.

"ಏನ್ ಆಗ್ಯಾದ್ರಿ ಸರ್?"

"ಆಪ್ ತೆಗೆದ್ರೆ ತಾನೇ ಮುಚ್ಕೊಳ್ತಾದ್ರಿ ಭಾಯ್."

"ಎಲ್ಲಾ ಮುಚ್ಕೊಳ್ತಾವೋ, ಕೆಲವಷ್ಟೇನೋ?"

ಈ ಪ್ರಶ್ನೆಯನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ನನಗೂ ಹೊಳೆದಿರಲಿಲ್ಲ. ಭಾಯ್ ಕ್ಯಾಮೆರಾ ತೆಗೆಸಿದರು, ಬಂತು. ಕ್ಯಾಲ್ಕುಲೇಟರ್ ಬಂತು. ಕಾಲ್ ಹೋಯಿತು. ಬ್ಯಾಂಕು, ಮೇಲು, ನ್ಯೂಸು ಮಾತ್ರ ಸತ್ತವು. "ಹಾಂ, ಇದು ಒಳಗಿನ ಸರ್ಕ್ಯೂಟ್ ಬೋರ್ಡಿಂದಲ್ರಿ, ವೆಬ್‌ವ್ಯೂ ಇರಬೇಕು" ಎಂದರು.

ಸೆಟ್ಟಿಂಗ್ಸ್‌ಗೆ ಹೋಗಿ, ಆಪ್‌ಗಳ ಪಟ್ಟಿ ತೆಗೆದು, ಮೇಲಿನ ಮೂರು ಚುಕ್ಕಿ ಒತ್ತಿ 'ಶೋ ಸಿಸ್ಟಮ್' ಎಂದರು. ಕೆಲವು ಕಂಪನಿಗಳ ಫೋನಿನಲ್ಲಿ ಇದು ಬೇರೆ ಜಾಗದಲ್ಲಿ ಇರುತ್ತದೆ, ಸ್ವಲ್ಪ ಹುಡುಕಬೇಕು. ಒತ್ತಿದ ಕೂಡಲೇ ಪಟ್ಟಿ ಉದ್ದಕ್ಕೆ ಬೆಳೆಯಿತು. ಎಷ್ಟೋ ವರ್ಷ ನನ್ನ ಜೇಬಿನಲ್ಲಿದ್ದು ನಾನು ನೋಡಿಯೇ ಇರದ ಹೆಸರುಗಳು. ಪ್ಲೇ ಸರ್ವಿಸಸ್, ಕ್ಯಾರಿಯರ್ ಸರ್ವಿಸಸ್, ಸಿಮ್ ಟೂಲ್‌ಕಿಟ್, ಆಂಡ್ರಾಯ್ಡ್ ಸಿಸ್ಟಮ್ ವೆಬ್‌ವ್ಯೂ. ಹೆಚ್ಚಿನವಕ್ಕೆ ಪರದೆಯ ಮೇಲೆ ಐಕಾನ್ ಕಾಣುವುದಿಲ್ಲ.

ವೆಬ್‌ವ್ಯೂ ಅಂದರೇನು ಎಂದು ಕೇಳಿದೆ. ಭಾಯ್ ನಾನು ಗಂಜ್‌ನವನು ಎಂದು ತಿಳಿದು ಹೇಳಿದ್ದು ಹೀಗೆ: ಗಂಜ್‌ನಲ್ಲಿ ಪ್ರತಿ ಅಡತಿ ಅಂಗಡಿಯವರೂ ಲಾರಿ ತೂಗಲು ಸ್ವಂತ ವೇ ಬ್ರಿಡ್ಜ್ ಇಟ್ಟುಕೊಳ್ಳುವುದಿಲ್ಲ. ಎಲ್ಲರ ಲಾರಿಯೂ ಒಂದೇ ಕಡೆ ತೂಕಕ್ಕೆ ಹೋಗುತ್ತದೆ. ಫೋನಿನಲ್ಲೂ ಹಾಗೇ. ಆಪ್ ಒಳಗೆ ವೆಬ್ ಪುಟ ತೋರಿಸಬೇಕಾದರೆ ಪ್ರತಿ ಆಪ್ ತನ್ನದೇ ಬ್ರೌಸರ್ ಹೊತ್ತು ತಿರುಗುವುದಿಲ್ಲ, ವೆಬ್‌ವ್ಯೂ ಹತ್ತಿರ ಹೋಗುತ್ತದೆ. ವೇ ಬ್ರಿಡ್ಜ್ ಕೆಟ್ಟರೆ ಲಾರಿ ಕೆಟ್ಟಿದೆ ಅಂತ ಅರ್ಥವಲ್ಲ. ಆದರೆ ಲಾರಿ ನಿಲ್ಲುತ್ತದೆ.

ನನಗೆ ಇದಕ್ಕಿಂತ ಚೆನ್ನಾಗಿ ಯಾರೂ ಹೇಳಲಾರರು ಅನ್ನಿಸಿತು.

ರೋಗ ಏನಾಗಿತ್ತೆಂದರೆ, ಫೋನಿನಲ್ಲಿ ಜಾಗ ತುಂಬಿ ವೆಬ್‌ವ್ಯೂ ಅಪ್‌ಡೇಟ್ ಅರ್ಧಕ್ಕೆ ಕೆಟ್ಟಿತ್ತು. 2014ರಲ್ಲಿ ಬಂದ ಆಂಡ್ರಾಯ್ಡ್ 5ರಿಂದ ಈ ವೆಬ್‌ವ್ಯೂ ಪ್ಲೇ ಸ್ಟೋರ್ ಮೂಲಕ ತಾನೇ ಬೇರೆಯಾಗಿ ಅಪ್‌ಡೇಟ್ ಆಗುತ್ತದೆ. ನಾವು ಏನೂ ಒತ್ತದೆ ರಾತ್ರೋರಾತ್ರಿ ಬದಲಾಗುವುದು ಅದಕ್ಕೇ. ಭಾಯ್ ಅದನ್ನು ತೆರೆದು 'ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್' ಒತ್ತಿದರು. ಆಪ್ ಹೋಗುವುದಿಲ್ಲ, ಫೋನ್ ಕೊಂಡಾಗ ಇದ್ದ ಹಳೆಯ ಆವೃತ್ತಿಗೆ ಮರಳುತ್ತದೆ ಅಷ್ಟೇ. ಆಮೇಲೆ ನನ್ನ ವಾಟ್ಸ್‌ಆಪ್‌ನ ಶುಭೋದಯದ ವಿಡಿಯೋಗಳನ್ನು ರಾಶಿ ಹಾಕಿ ಅಳಿಸಿದರು. ಅದಕ್ಕೆ ನನ್ನ ವಿರೋಧ ಇರಲಿಲ್ಲ. ಫೋನ್ ರೀಸ್ಟಾರ್ಟ್, ಪ್ಲೇ ಸ್ಟೋರಿನಿಂದ ಹೊಸ ಅಪ್‌ಡೇಟ್. ಬ್ಯಾಂಕ್ ಆಪ್ ತೆರೆಯಿತು. ತೆರೆದೇ ಇತ್ತು.

ಐವತ್ತು ರೂಪಾಯಿ.

ಕೂತಲ್ಲೇ ಒಂದು ಹಳೆಯ ಕಥೆ ಹೇಳಿದರು. 2021ರ ಮಾರ್ಚ್ 23ರ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲೇ ಜನ ನಿಂತಿದ್ದರಂತೆ, ಎಲ್ಲರ ಫೋನಿನಲ್ಲೂ ಆಪ್ ಬೀಳುತ್ತಿದ್ದವು. ಇದು ನಿಜ, ಆ ದಿನ ಗೂಗಲ್ ಕಳಿಸಿದ ವೆಬ್‌ವ್ಯೂ ಅಪ್‌ಡೇಟ್‌ನಲ್ಲೇ ದೋಷವಿತ್ತು. ಪ್ರಪಂಚದ ತುಂಬ ಫೋನುಗಳಲ್ಲಿ ಜಿಮೇಲ್ ಸೇರಿ ಎಷ್ಟೋ ಆಪ್‌ಗಳು ಬಿದ್ದವು. ಕೆಲವು ತಾಸಿನಲ್ಲಿ ಗೂಗಲ್ ಸರಿಪಡಿಸಿದ ಅಪ್‌ಡೇಟ್ ಬಿಟ್ಟಿತು. "ಮೊದಲಿನ ಎರಡು ಫೋನು ನಾನೂ ಬೋರ್ಡ್ ಹೋಗ್ಯಾದ ಅಂತ ಬಿಚ್ಚಿದ್ದೆ ಸರ್. ಮೂರನೇದು ಬಂದಾಗ ತಲಿಗೆ ಬಂತು, ಇಷ್ಟ್ ಬೋರ್ಡ್ ಒಂದೇ ದಿನ ಹ್ಯಾಂಗ್ ಹೋಗ್ತಾವ ಅಂತ" ಎಂದರು. ತಪ್ಪು ಮಾಡಿದ್ದನ್ನು ಗಿರಾಕಿಯ ಮುಂದೆ ಹೇಳುವ ರಿಪೇರಿಯವರನ್ನು ನಾನು ಇದೇ ಮೊದಲು ನೋಡಿದ್ದು.

ಈಗ ದೂರು. ಮಾರನೇ ದಿನ ಬೆಳಿಗ್ಗೆ ಬ್ಯಾಂಕ್ ಆಪ್ ಬೇರೆ ರಾಗ ಎಳೆಯಿತು. ಡೆವಲಪರ್ ಆಪ್ಷನ್ಸ್ ಆನ್ ಇದೆ, ಭದ್ರತೆಗಾಗಿ ತೆರೆಯುವುದಿಲ್ಲ ಎಂದಿತು. ಅದು ಆಪ್ ಬರೆಯುವವರಿಗೆಂದು ಅಡಗಿಸಿಟ್ಟ ಸೆಟ್ಟಿಂಗ್ಸ್, ನಾನು ಅದನ್ನು ಮುಟ್ಟಿರಲೇ ಇಲ್ಲ. ಭಾಯ್ ಹಿಂದಿನ ದಿನ 'ಅಬೌಟ್ ಫೋನ್'ನಲ್ಲಿ ಬಿಲ್ಡ್ ನಂಬರ್ ಮೇಲೆ ಏಳು ಸಲ ಟಪಟಪ ಒತ್ತಿ ಅದನ್ನು ಆನ್ ಮಾಡಿದ್ದರು. ಫೋನು ಯಾವ ವೆಬ್‌ವ್ಯೂ ಬಳಸುತ್ತಿದೆ ಎಂದು ಅಲ್ಲಿ ಕಾಣುತ್ತದೆ. ನೋಡಿ ಮುಚ್ಚುವುದನ್ನು ಮರೆತಿದ್ದರು. ಸೀಜನ್‌ನಲ್ಲಿ ಮತ್ತೆ ಅರ್ಧ ತಾಸು ಹೋಯಿತು. ಒಂದು ಸ್ವಿಚ್ ಆಫ್ ಮಾಡಿ "ತಪ್ಪಾತ್ರಿ" ಎಂದರು. ಕಳೆದುಕೊಂಡ ಒಂದು ನಕ್ಷತ್ರ ಇದಕ್ಕೇ. ನಿಮ್ಮ ಫೋನು ಎಲ್ಲಿಗೇ ಕೊಟ್ಟಿರಿ, ವಾಪಸ್ ತೆಗೆದುಕೊಳ್ಳುವಾಗ ಸೆಟ್ಟಿಂಗ್ಸ್‌ನಲ್ಲಿ ಡೆವಲಪರ್ ಆಪ್ಷನ್ಸ್ ಒಮ್ಮೆ ನೋಡಿ. ಅದರಲ್ಲಿರುವ ಯುಎಸ್‌ಬಿ ಡೀಬಗಿಂಗ್ (ಕೇಬಲ್ ಹಚ್ಚಿದ ಕಂಪ್ಯೂಟರಿಗೆ ಫೋನಿನೊಳಗೆ ಕೈ ಹಾಕಲು ಬಿಡುವ ಸ್ವಿಚ್) ಆನ್ ಇದ್ದರೆ ಮೊದಲು ಅದನ್ನು ಆಫ್ ಮಾಡಿ.

ಇನ್ನೊಂದು ತಪ್ಪು ನನ್ನದು. ಗುಟ್ಟಿನ ಪಟ್ಟಿ ಸಿಕ್ಕಿತಲ್ಲ, ಕೈ ಸುಮ್ನೆ ಇರಲಿಲ್ಲ. ಬ್ಯಾಟರಿ ಜಾಸ್ತಿ ತಿನ್ನುತ್ತೆ ಅಂತ ರಾತ್ರಿ ಕೂತು ಪ್ಲೇ ಸರ್ವಿಸಸ್‌ ಅನ್ನೇ ಡಿಸೇಬಲ್ ಮಾಡಿದೆ. ಬೆಳಿಗ್ಗೆ ಅರ್ಧ ಆಪ್‌ಗಳು 'ಪ್ಲೇ ಸರ್ವಿಸಸ್ ಇಲ್ಲದೆ ನಡೆಯುವುದಿಲ್ಲ' ಎಂದು ಕೂತವು, ನೋಟಿಫಿಕೇಶನ್ ಒಂದೂ ಬರಲಿಲ್ಲ. ಹೆಚ್ಚಿನ ಆಪ್‌ಗಳ ನೋಟಿಫಿಕೇಶನ್ ಅದರ ಮೂಲಕವೇ ಬರುತ್ತದೆ ಅಂತ ಆಮೇಲೆ ತಿಳಿಯಿತು. ಎನೇಬಲ್ ಒತ್ತಿದರೆ ಸರಿಯಾಗುತ್ತದೆ, ಗಾಬರಿ ಬೇಡ. ಭಾಯ್ ಬೈದದ್ದನ್ನು ಇಲ್ಲಿ ಬರೆಯುವುದಿಲ್ಲ. ಅದೇ ಸಲ ಇನ್ನೊಂದು ಮಾತು ಹೇಳಿಕೊಟ್ಟರು: ಕ್ಯಾಶ್ ಅಂದರೆ ನಿಮ್ಮ ಟೇಬಲ್ ಮೇಲಿನ ಕಚ್ಚಾ ಚೀಟಿ, ಹರಿದು ಹಾಕಿ, ಏನೂ ಆಗುವುದಿಲ್ಲ. ಡೇಟಾ ಅಂದರೆ ಖಾತೆ ಬುಕ್ಕು, ಕೇಳದೆ ಕ್ಲಿಯರ್ ಮಾಡಬೇಡಿ.

ಅವ್ವನ ಫೋನಿನದು ಸಣ್ಣ ಕೆಲಸ. ಪರದೆ ಮೇಲೆ ತಾನಾಗೇ ಹಾಡು, ಜ್ಯೋತಿಷ್ಯ ಅಂತ ಪೆಟ್ಟಿಗೆ ಬರುತ್ತಿತ್ತು, ಅವ್ವ ಅದು ಹೋಗಲಿ ಅಂತ 'ಓಕೆ' ಒತ್ತುತ್ತಿದ್ದಳು, ದುಡ್ಡು ಕಟ್ ಆಗುತ್ತಿತ್ತು. ಅದು ವೈರಸ್ ಅಲ್ಲ, ಸಿಮ್ ಕಾರ್ಡಿನ ಒಳಗಿಂದಲೇ ಬರುವ ಮೆನು. ಸಿಮ್ ಟೂಲ್‌ಕಿಟ್ ತೆರೆದು ಆ ಸಂದೇಶಗಳನ್ನು ನಿಲ್ಲಿಸಿದರು. ಅವಳ ಫೋನು ಆಂಡ್ರಾಯ್ಡ್ 8. ಅದರಲ್ಲಿ ವೆಬ್‌ವ್ಯೂ 'ಡಿಸೇಬಲ್ಡ್' ಎಂದು ಕಂಡು ನಾನು ದೊಡ್ಡ ತಜ್ಞನ ಹಾಗೆ ಬೆರಳು ತೋರಿಸಿದೆ. ಭಾಯ್ ನಕ್ಕರು. ಆಂಡ್ರಾಯ್ಡ್ 7, 8, 9ರಲ್ಲಿ ಆ ಕೆಲಸವನ್ನು ಕ್ರೋಮೇ ಮಾಡುತ್ತದೆ, ಅಲ್ಲಿ ವೆಬ್‌ವ್ಯೂ ಮಲಗಿರುವುದೇ ಸರಿ. 10ರಿಂದ ಮತ್ತೆ ಬೇರೆ. ದುಡ್ಡು ತಗೊಳ್ಳಲಿಲ್ಲ, "ಅಮ್ಮಾರ ಫೋನ್ ಅಲ್ರಿ" ಎಂದರು.

ನಿಜಕ್ಕೂ ಕೈ ನಡುಗಿದ್ದು ಕಾಕಾನ ಫೋನು ಹಿಡಿದು ಹೋದಾಗ. ಕಾಕಾ ನಮ್ಮ ಅಂಗಡಿಯ ಹಿರಿಯ ಹಮಾಲರು. ವಾಟ್ಸ್‌ಆಪ್‌ನಲ್ಲಿ ಗುರುತಿನವರ ನಂಬರಿನಿಂದಲೇ ಮದುವೆ ಕಾರ್ಡು ಬಂದಿತ್ತು. ಕಾರ್ಡು ಅಂದರೆ ಫೋಟೋ ಅಲ್ಲ, ಕೊನೆಗೆ 'ಎಪಿಕೆ' ಎಂದಿದ್ದ ಫೈಲು, ಅಂದರೆ ಒತ್ತಿದರೆ ಫೋನಿಗೆ ಆಪ್ ಹಾಕುವಂಥದ್ದು. ಒತ್ತಿದರು, ಏನೂ ತೆರೆಯಲಿಲ್ಲ, ಮರೆತರು. ಸಂಜೆಯಿಂದ ಊರಿನವರೆಲ್ಲ ಫೋನ್ ಮಾಡಿ "ನಿಮ್ ಮನ್ಯಾಗ ಯಾರ್ದು ಮದುವಿ?" ಎಂದು ಕೇಳತೊಡಗಿದರು. ಕಾಕಾನ ನಂಬರಿನಿಂದ ಅದೇ ಕಾರ್ಡು ಎಲ್ಲರಿಗೂ ಹೋಗಿತ್ತು.

ಭಾಯ್ ಮಾತಾಡದೆ ಮೊದಲು ಏರೋಪ್ಲೇನ್ ಮೋಡ್ ಹಾಕಿದರು. ಆಮೇಲೆ ವೈಫೈ ಆರಿದೆಯಾ ಎಂದು ನೋಡಿದರು. ಪಟ್ಟಿಯಲ್ಲಿ 'ಸಿಸ್ಟಮ್ ಅಪ್‌ಡೇಟ್' ಎಂದು ಒಂದು ಹೆಸರು, ಐಕಾನ್ ಇಲ್ಲ. ಸಾಚಾ ಸಿಸ್ಟಮ್ ಆಪ್‌ನ ಹಾಗೇ ವೇಷ. ನಾನಾಗಿದ್ದರೆ ದಾಟಿ ಹೋಗುತ್ತಿದ್ದೆ. ಭಾಯ್ ಅದರೊಳಗೆ ಹೋಗಿ ತೋರಿಸಿದರು. ಫೋನಿನ ಜೊತೆಗೇ ಬಂದ ಆಪ್‌ಗೆ ಸಾಮಾನ್ಯವಾಗಿ 'ಡಿಸೇಬಲ್' ಇರುತ್ತದೆ, ಇದಕ್ಕೆ 'ಅನ್‌ಇನ್‌ಸ್ಟಾಲ್' ಇತ್ತು. ಎಸ್‌ಎಂಎಸ್ ಓದುವ ಅನುಮತಿ ಇತ್ತು, ಅಂದರೆ ಬ್ಯಾಂಕಿನ ಒಟಿಪಿ. ಅಕ್ಸೆಸಿಬಿಲಿಟಿ ಅನುಮತಿಯೂ ಇತ್ತು, ಅಂದರೆ ಪರದೆ ನೋಡಬಹುದು, ನಮ್ಮ ಬದಲು ತಾನೇ ಒತ್ತಬಹುದು. ಅಪ್‌ಡೇಟ್ ಮಾಡುವವನಿಗೆ ಕಾಕಾನ ಮೆಸೇಜ್ ಯಾಕೆ ಬೇಕು?

ಬರೀ ಬಟನ್ ನೋಡಿ ತೀರ್ಮಾನಿಸಬೇಡಿ ಎಂದೂ ಹೇಳಿದರು. ಇತ್ತೀಚೆಗೆ ಸೇಫ್ಟಿಕೋರ್ ಎಂಬುದನ್ನು ನೋಡಿ ಗೂಢಚಾರಿ ಆಪ್ ಬಂದಿದೆ ಎಂದು ಓಡಿ ಬರುವವರು ಬಹಳವಂತೆ. ಅದಕ್ಕೂ ಅನ್‌ಇನ್‌ಸ್ಟಾಲ್ ಇದೆ, ಐಕಾನ್ ಇಲ್ಲ. ಆದರೆ ಅದು ಗೂಗಲ್‌ನದೇ, ಮೆಸೇಜಿನಲ್ಲಿ ಬರುವ ಅಶ್ಲೀಲ ಚಿತ್ರವನ್ನು ಫೋನಿನೊಳಗೇ ಗುರುತಿಸಿ ಎಚ್ಚರಿಸಲು ಇರುವಂಥದ್ದು. ಆಪ್ ಮಾಹಿತಿಯ ಕೆಳಗೆ ಅದು ಎಲ್ಲಿಂದ ಇನ್‌ಸ್ಟಾಲ್ ಆಯಿತು ಎಂದು ಬರೆದಿರುತ್ತದೆ. ಅಲ್ಲಿ ಪ್ಲೇ ಸ್ಟೋರ್ ಎಂದಿಲ್ಲದೆ ವಾಟ್ಸ್‌ಆಪ್ ಎಂದೋ ಫೈಲ್ ಮ್ಯಾನೇಜರ್ ಎಂದೋ ಇದ್ದರೆ ನಿಂತು ಯೋಚಿಸಬೇಕು.

ತೆಗೆಯಲು ಹೋದರೆ ಅದು ಬಿಡಲಿಲ್ಲ. ಅನ್‌ಇನ್‌ಸ್ಟಾಲ್ ಒತ್ತಿದ ಕೂಡಲೇ ಪರದೆ ಹಿಂದಕ್ಕೆ ಓಡುತ್ತಿತ್ತು. ಭಾಯ್ ಪವರ್ ಬಟನ್ ಹಿಡಿದು, ಬಂದ 'ಪವರ್ ಆಫ್' ಮೇಲೆ ಬೆರಳು ಒತ್ತಿ ಹಿಡಿದು ಸೇಫ್ ಮೋಡ್‌ಗೆ ಒಯ್ದರು. ಅಲ್ಲಿ ಹೊರಗಿನಿಂದ ಹಾಕಿದ ಆಪ್‌ಗಳು ಏಳುವುದಿಲ್ಲ. ಫೋನಿನ ಮೇಲೆ ಹೆಚ್ಚಿನ ಅಧಿಕಾರ ಪಡೆದ ಆಪ್‌ಗಳ 'ಡಿವೈಸ್ ಅಡ್ಮಿನ್' ಪಟ್ಟಿಯಿಂದ ಅದರ ಟಿಕ್ ತೆಗೆದರು, ಆಮೇಲೆ ಅನ್‌ಇನ್‌ಸ್ಟಾಲ್. ಹೋಯಿತು. ಯುಪಿಐ ಪಿನ್ ಬದಲಿಸಬೇಕು, ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು ಎಂದರು. ನನ್ನ ಫೋನಿನಿಂದ ಬ್ಯಾಂಕಿಗೆ ಕರೆ ಮಾಡಿ ಕೇಳಿದೆವು. ದುಡ್ಡು ಹೋಗಿರಲಿಲ್ಲ. "ಇದ್ದದ್ದೇ 340 ರೂಪಾಯಿ, ಕಳ್ಳಗೂ ಬ್ಯಾಸರ ಆಗಿರಬೇಕು" ಎಂದು ಕಾಕಾ ಅಲ್ಲೇ ನಕ್ಕುಬಿಟ್ಟರು. ಒಂದು ತಾಸಿನ ಕೆಲಸಕ್ಕೆ 100 ರೂಪಾಯಿ ತಗೊಂಡರು.

ಒಪ್ಪದ ಇನ್ನೂ ಎರಡು ವಿಷಯ ಇವೆ. ಬಿಲ್ ಕೊಡುವುದಿಲ್ಲ. ಫೋನು ಬಿಟ್ಟು ಹೋದರೆ ಅದರ ಲಾಕ್ ನಂಬರನ್ನು ಚೀಟಿಯಲ್ಲಿ ಬರೆದು ಫೋನಿನ ಬೆನ್ನಿಗೇ ಟೇಪ್ ಹಚ್ಚುತ್ತಾರೆ, ಚಹಾ ಕುಡಿಯಲು ನಿಂತವರೂ ಓದಬಹುದು. ಹೇಳಿದೆ. "ಮರೀತೀನ್ರಿ ಇಲ್ಲಾಂದ್ರ" ಎಂದರು. ಹಾಗಾಗಿ ನಾನು ಫೋನು ಬಿಟ್ಟು ಬರುವುದಿಲ್ಲ, ಎದುರಿಗೇ ಕೂತಿರುತ್ತೇನೆ. ಕೂತರೆ ಅವರಿಗೂ ಖುಷಿ, ಏನು ಒತ್ತುತ್ತಿದ್ದೇನೆ ಎಂದು ಹೇಳುತ್ತ ಒತ್ತುತ್ತಾರೆ.

ಪರದೆ ಒಡೆದಿದ್ದರೆ, ಚಾರ್ಜಿಂಗ್ ಪಿನ್ ಹೋಗಿದ್ದರೆ ಬೇರೆ ಕಡೆಯೂ ಹೋಗಬಹುದು, ಅದರಲ್ಲಿ ಭಾಯ್ ಎಲ್ಲರಂತೆಯೇ, ಸ್ವಲ್ಪ ನಿಧಾನ. ಫೋನು ಹೊರಗೆ ಚೆನ್ನಾಗಿದ್ದು ಒಳಗೆ ಏನೋ ಆಗಿದ್ದರೆ ಇಲ್ಲಿಗೆ ಹೋಗಿ. ಬೆಳಿಗ್ಗೆ ಹನ್ನೊಂದಕ್ಕೆ ತೆರೆಯುತ್ತದೆ. ಶುಕ್ರವಾರ ಮಧ್ಯಾಹ್ನ ನಮಾಜಿಗೆ ಮುಚ್ಚಿರುತ್ತದೆ, ಆಗ ಶಟರ್ ಮೇಲಿನ ಹೆಸರು ಓದಿಕೊಂಡು ಪಕ್ಕದಲ್ಲಿ ಚಹಾ ಕುಡಿಯುತ್ತ ಕಾಯಬಹುದು.