ನಕ್ಷೆಯಲ್ಲಿ ‘ಸೇವೆ ಲಭ್ಯ’, ಮನೆಯಲ್ಲಿ ಅಪ್‌ಲೋಡ್ ಇಲ್ಲ: ನಾಲ್ಕು ವರ್ಷದ ಅನುಭವ

ನಗರದ ಹೊರವಲಯದ ಬಡಾವಣೆಯಲ್ಲಿರುವ ನಮ್ಮ ಮನೆಗೆ ಈ ಬ್ರಾಡ್‌ಬ್ಯಾಂಡ್ ಸಂಪರ್ಕ ಬಂದು ನಾಲ್ಕು ವರ್ಷವಾಯಿತು. ಪ್ಲ್ಯಾನುಗಳ ವಿವರ ಎಲ್ಲೆಡೆ ಸಿಗುವುದರಿಂದ ಇಲ್ಲಿ ಬರೆಯುವುದಿಲ್ಲ. ನನ್ನ ತಕರಾರು ಅಪ್‌ಲೋಡ್ ಒಂದರ ಮೇಲೆಯೇ. ಪಾಠಗಳ ವಿಡಿಯೊ ಸಿದ್ಧಪಡಿಸಿ ಕಳುಹಿಸುವುದು ನನ್ನ ಕೆಲಸ. ರಾತ್ರಿ ಊಟಕ್ಕೆ ಮುಂಚೆ ಫೈಲು ಕಳುಹಿಸಲು ಹಾಕಿ, ಊಟ ಮುಗಿಸಿ, ಪಾತ್ರೆ ತೊಳೆದಿಟ್ಟು ಬಂದು ನೋಡಿದರೂ ಅದು ಅರ್ಧಕ್ಕೆ ಬಂದಿರುವುದಿಲ್ಲ. ಅಷ್ಟರಲ್ಲಿ ಮೋಡೆಮ್ಮಿನ ದೀಪ ಮಿನುಗತೊಡಗಿತೆಂದರೆ ಮತ್ತೆ ಮೊದಲಿನಿಂದ.

ಮುಖ್ಯರಸ್ತೆಯ ತಿರುವಿನಲ್ಲಿರುವ ಪೆಟ್ಟಿಗೆಯವರೆಗೆ ಫೈಬರ್ ಇದೆ, ಅಲ್ಲಿಂದ ನಮ್ಮ ಮನೆಗೆ ಹಳೆಯ ದೂರವಾಣಿಯ ತಾಮ್ರದ ತಂತಿ. ಇಂಥ ದೂರವಾಣಿ ತಂತಿಯ ಮೇಲೆಯೇ ಇಂಟರ್‌ನೆಟ್ ಸಾಗಿಸುವ ವಿಡಿಎಸ್‌ಎಲ್ ತಂತ್ರ ಮೊದಲ ಕೆಲವು ನೂರು ಮೀಟರುಗಳಲ್ಲಿ ಚೆನ್ನಾಗಿಯೇ ಓಡುತ್ತದೆ. ಒಂದೂವರೆ ಕಿಲೋಮೀಟರ್ ದಾಟುವ ಹೊತ್ತಿಗೆ ಅದಕ್ಕಿಂತ ನಿಧಾನವಾದ ಹಳೆಯ ತಂತ್ರ ಎಡಿಎಸ್‌ಎಲ್‌ನ ಮಟ್ಟಕ್ಕೆ ಇಳಿದಿರುತ್ತದೆ. ನಮ್ಮ ಮನೆ ಇರುವುದು ತಂತಿಯ ಬಾಲದಲ್ಲಿ. ಉಪಗ್ರಹ ಸಂಪರ್ಕ ನನ್ನ ತಿಂಗಳ ಖರ್ಚಿಗೆ ಹೊಂದುವುದಿಲ್ಲ.

ಕಂಪನಿಯನ್ನು ಬೈಯುತ್ತಿದ್ದ ನನಗೆ ನಿಜವಾಗಿ ಸಿಟ್ಟು ಬಂದದ್ದು ಎಲ್ಲೆಲ್ಲಿ ಬ್ರಾಡ್‌ಬ್ಯಾಂಡ್ ಸಿಗುತ್ತದೆಂದು ತೋರಿಸುವ ಸರ್ಕಾರಿ ನಕ್ಷೆಯನ್ನು ನೋಡಿದ ದಿನ. ಪೆಟ್ಟಿಗೆಯ ಪಕ್ಕದ ಮನೆಗಳ ಲೆಕ್ಕದಲ್ಲಿ ನಮ್ಮ ಬೀದಿಯೂ ‘ಸೇವೆ ಲಭ್ಯ’ ಎಂದು ದಾಖಲಾಗಿತ್ತು. ಅನುದಾನ ಸಂಪರ್ಕವೇ ಇಲ್ಲದ ಹಳ್ಳಿಗಳಿಗೆ, ಖಾಸಗಿ ಬಂಡವಾಳ ಒತ್ತೊತ್ತಾಗಿ ಮನೆಗಳಿರುವ ನಗರದ ಮಧ್ಯಕ್ಕೆ; ನಡುವಿನವರನ್ನು ಕೇಳುವವರಿಲ್ಲ. ಇದು ನಮ್ಮೊಬ್ಬರ ಪಾಡಲ್ಲ: ಅಮೆರಿಕದಲ್ಲಿಯೂ ಒಂದು ಜನಗಣತಿ ಬ್ಲಾಕಿನ (ಗಣತಿಗಾಗಿ ಗುರುತಿಸಿದ ಚಿಕ್ಕ ಪ್ರದೇಶ) ಒಂದೇ ಮನೆಗೆ ಸೇವೆ ಕೊಡಲು ಸಾಧ್ಯವಿದ್ದರೂ ಇಡೀ ಬ್ಲಾಕಿಗೆ ಸೇವೆ ಇದೆಯೆಂದು ಎಣಿಸುವ ಪದ್ಧತಿ ವರ್ಷಗಟ್ಟಲೆ ನಡೆಯಿತು, ಒಂದೊಂದು ವಿಳಾಸವನ್ನೂ ಪ್ರತ್ಯೇಕವಾಗಿ ತೋರಿಸುವ ನಕ್ಷೆ ಅಲ್ಲಿ ಹೊರಬಂದದ್ದು 2022ರಲ್ಲಿ.

ನನ್ನ ಸಿಟ್ಟನ್ನು ತುಸು ಇಳಿಸಿದ್ದು ನಮ್ಮ ಸ್ಥಳೀಯ ಆಡಳಿತ. ನಿವಾಸಿಗಳಿಂದಲೇ ವೇಗದ ಅಳತೆ ಬರೆಸಿ, ಅದರ ಆಧಾರದ ಮೇಲೆ ಮೇಲಿನ ಸರ್ಕಾರಕ್ಕೆ ಮನವಿ ಸಲ್ಲಿಸಲು ಅದು ಮುಂದಾಯಿತು. ವೈ-ಫೈ ಬೇಡ, ಮೋಡೆಮ್ಮಿಗೆ ಕೇಬಲ್ ಸಿಕ್ಕಿಸಿಯೇ ಅಳೆಯಿರಿ, ಇಲ್ಲವಾದರೆ ಕಂಪನಿಯವರು ತಪ್ಪನ್ನು ನಿಮ್ಮ ಗೋಡೆಯ ಮೇಲೆ ಹೊರಿಸುತ್ತಾರೆ ಎಂದು ಅಲ್ಲಿನ ಸಿಬ್ಬಂದಿ ಹೇಳಿಕೊಟ್ಟದ್ದು ನನಗೆ ಬಹಳ ಹಿಡಿಸಿತು. ಬೆಳಿಗ್ಗೆ ಕಾಫಿ ಆರುವುದರೊಳಗೆ ಒಂದು ಸಲ, ಮಧ್ಯಾಹ್ನ ಒಂದು ಸಲ, ರಾತ್ರಿ ಎಲ್ಲರೂ ಸಿನಿಮಾ ನೋಡುವ ಹೊತ್ತಿಗೆ ಒಂದು ಸಲ ಅಳತೆ ತೆಗೆದು ನೋಟ್‌ಪುಸ್ತಕದಲ್ಲಿ ಬರೆದೆ. ಮಳೆ ಬಂದ ದಿನಗಳ ಮುಂದೆ ಒಂದು ಚುಕ್ಕೆ ಇಟ್ಟೆ. ಆ ಚುಕ್ಕೆಗಳನ್ನು ತೋರಿಸಿದ ಮೇಲೆಯೇ ಕಂಪನಿಯ ತಂತ್ರಜ್ಞರು ಕಂಬದ ಮೇಲಿನ ಜೋಡಣೆಯನ್ನು ಬಿಚ್ಚಿ, ಒಳಗಿದ್ದ ನೀರು ತೆಗೆದು, ಬೇರೆ ಹಾಕಿದರು. ಈಗ ಸಂಪರ್ಕ ಕಡಿಯುವುದಿಲ್ಲ, ವೇಗ ಮಾತ್ರ ಇದ್ದಷ್ಟೇ ಇದೆ.

ಎಂಟು ತಿಂಗಳ ಬಳಿಕ ನಕ್ಷೆಯಲ್ಲಿ ನಮ್ಮ ಬೀದಿಯ ಬಣ್ಣ ಬದಲಾಯಿತು. ಫೈಬರ್ ಇನ್ನೂ ಬಂದಿಲ್ಲ. ಕಂಪನಿಗೆ ಐದರಲ್ಲಿ ಎರಡು ಅಂಕ, ಆಡಳಿತದ ಪ್ರಯತ್ನಕ್ಕೆ ನಾಲ್ಕು. ಒಂದು ಅಂಕ ಕಡಿತಕ್ಕೆ ಕಾರಣ ಅವರ ನಮೂನೆ: ಅಮೆರಿಕ 2024ರಲ್ಲಿ ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು 100 ಎಂಬಿಪಿಎಸ್ ಡೌನ್‌ಲೋಡ್ ಜೊತೆಗೆ 20 ಎಂಬಿಪಿಎಸ್ ಅಪ್‌ಲೋಡ್ ಕೂಡ ಬೇಕೆಂದು ನಿಗದಿಪಡಿಸಿದ್ದರೂ, ಈ ನಮೂನೆಯಲ್ಲಿ ಡೌನ್‌ಲೋಡಿಗೆ ಮಾತ್ರ ಜಾಗವಿದೆ. ನಾನು ಅಪ್‌ಲೋಡಿನ ಅಂಕಿಯನ್ನು ಪ್ರತಿ ಸಲವೂ ‘ಷರಾ’ ಕಾಲಮ್ಮಿನಲ್ಲಿ ಬರೆದು ಕಳುಹಿಸುತ್ತಿದ್ದೇನೆ.