ತಳದ ಗಸಿ ಬಿಟ್ಟು ಮೇಲಿನ ತಿಳಿ: ತೇಲುವ ಡಿಪ್ ಟ್ಯೂಬ್, ವರ್ಷಗಟ್ಟಲೆ ಬಳಸಿದ ಮೇಲೆ

ಅಮೆರಿಕದಲ್ಲಿ ಮನೆ ಬಳಕೆಗೆ ಬಿಯರ್ ಮಾಡಿ 5 ಗ್ಯಾಲನ್ ಕಾರ್ನಿ ಕೆಗ್‌ಗೆ (ಉದ್ದನೆಯ ಸ್ಟೀಲ್ ಪೀಪಾಯಿ) ತುಂಬುವವರ ಮಾಮೂಲಿ ಗೋಳು, ನಲ್ಲಿ ತಿರುಗಿಸಿದರೆ ಮಬ್ಬು ಬಿಯರ್. ಕೆಗ್ ಜೊತೆ ಬರುವ ಸ್ಟೀಲ್ ಕೊಳವೆ (ಡಿಪ್ ಟ್ಯೂಬ್) ನೇರ ತಳದ ಗುಳಿಗೆ ಇಳಿದಿರುತ್ತದೆ, ಯೀಸ್ಟ್ ಗಸಿ ಕೂರುವುದೂ ಅಲ್ಲೇ. ತೇಲುವ ಟ್ಯೂಬ್‌ನಲ್ಲಿ ಆ ಉದ್ದ ಕೊಳವೆಯ ಬದಲು ಒಂದು ತುಂಡು ಸ್ಟೀಲ್, ಅದಕ್ಕೆ ಸಿಲಿಕೋನ್ ಪೈಪು, ಪೈಪಿನ ತುದಿಗೆ ಟೊಳ್ಳು ಸ್ಟೀಲ್ ಗುಂಡು. ಗುಂಡು ತೇಲುತ್ತದೆ, ಪೈಪಿನ ಬಾಯಿ ಬಿಯರ್ ಮಟ್ಟದಿಂದ ಸ್ವಲ್ಪ ಕೆಳಗಿರುತ್ತದೆ. ತಿಳಿಸಾರಿಗೆ ಸೌಟು ತಳ ಮುಟ್ಟಿಸದೆ ಬೇಳೆಕಟ್ಟು ತೆಗೆಯುತ್ತೇವಲ್ಲ, ಹಾಗೆ.

ಆದರೆ ಇದು ಸೋಸುವ ಯಂತ್ರವಲ್ಲ. ಮೇಲೆ ತಿಳಿಯಾಗಿದ್ದರೆ ತಿಳಿ ಕೊಡುತ್ತದೆ, ಅಷ್ಟೇ. ಹಾಗಾಗಿ ಕೊಳ್ಳುವ ಮುಂಚೆ ಒಂದು ಗ್ಲಾಸ್ ತುಂಬಿ ಮೇಜಿನ ಮೇಲಿಡಿ. ಬಿಸುಪು ಏರಿದಂತೆ ಮಬ್ಬು ಕರಗಿತೇ? ಅದು ಚಿಲ್ ಹೇಜ್: ಮಾಲ್ಟಿನ ಪ್ರೋಟೀನ್ ಮತ್ತು ಪಾಲಿಫಿನಾಲ್‌ಗಳು ತಣ್ಣಗಾದಾಗ ಒಂದಕ್ಕೊಂದು ಅಂಟಿಕೊಂಡಿರುತ್ತವೆ. 0 ಡಿಗ್ರಿ ಸೆಲ್ಸಿಯಸ್ ಹತ್ತಿರ ಕೆಲವು ವಾರ ಅಲುಗಿಸದೆ ಇಟ್ಟರೆ ಅದೂ ತಳ ಸೇರುತ್ತದೆ. ಗ್ಲಾಸಿನ ಅಡಿಗೆ ಕೆನೆಬಣ್ಣದ ಪುಡಿ ಇಳಿದರೆ ಯೀಸ್ಟ್, ಈ ಟ್ಯೂಬ್ ನಿಮಗೇ. ಎರಡೂ ಆಗದೆ ಮಬ್ಬು ಹಾಗೇ ನಿಂತು ಹುಳಿ ವಾಸನೆಯೂ ಇದ್ದರೆ ಸೋಂಕನ್ನು ಅನುಮಾನಿಸಿ. ಯಾವ ಟ್ಯೂಬೂ ಅದನ್ನು ಸರಿಮಾಡದು.

ಜೆಲಾಟಿನ್ ಹಾಕಿದರೆ ಒಂದೆರಡು ದಿನದಲ್ಲೇ ತಿಳಿಯಾಗುತ್ತದೆ, ನಿಜ. ಆದರೆ ಅದು ಪ್ರಾಣಿಯ ಚರ್ಮ, ಮೂಳೆಯಿಂದ ಬಂದದ್ದು. ನಮ್ಮ ಮನೆಗೆ ಬರುವ ಕನ್ನಡದವರಲ್ಲಿ ಬಿಯರ್ ಕುಡಿಯುವ ಪಕ್ಕಾ ಸಸ್ಯಾಹಾರಿಗಳು ಬೇಕಾದಷ್ಟು ಜನ, ಹೇಳದೆ ಕುಡಿಸುವುದು ನನಗೆ ಒಗ್ಗದು. ಕುದಿಯ ಕೊನೆಯ 15 ನಿಮಿಷಕ್ಕೆ ಐರಿಶ್ ಮಾಸ್ (ಕಡಲ ಪಾಚಿ), ಆಮೇಲೆ ಚಳಿಯಲ್ಲಿ ತಾಳ್ಮೆ, ಕೊನೆಗೆ ಈ ಟ್ಯೂಬ್. ಇಷ್ಟರಲ್ಲೇ ಪೇಲ್ ಏಲ್ ಆಚೆಬದಿಯ ಬೆರಳು ಕಾಣುವಷ್ಟು ತಿಳಿಯಾಗುತ್ತದೆ.

ಕಿರಿಕಿರಿಯೂ ಇದೆ. ಪೈಪು ಉದ್ದವಾಗಿಯೇ ಬರುತ್ತದೆ. ಹಾಗೇ ಹಾಕಿದರೆ ಒಳಗೆ ಮಡಿಚಿಕೊಂಡು ನಲ್ಲಿಯಿಂದ ಬರೀ ನೊರೆ. ತೂಗುಬಿಟ್ಟರೆ ಬಾಯಿ ತಳಕ್ಕೆ ಸರಿಯಾಗಿ ತಾಗುವಷ್ಟಕ್ಕೆ ಕತ್ತರಿಸಬೇಕು. ಕೆಗ್‌ನಲ್ಲೇ ಡ್ರೈ ಹಾಪ್ ಮಾಡುವವರಿಗೆ (ಘಮಕ್ಕೆಂದು ಹಾಪ್ ಹೂವು ಹಾಕುವವರಿಗೆ) ಬಾಯಿಗೆ ಜಾಲರಿ ಬೇಕೇ ಬೇಕು, ಇಲ್ಲದಿದ್ದರೆ ಹಾಪ್ ಚೂರು ಬಿಯರ್ ಹೊರಬರುವ ಪೋಸ್ಟಿನ ಪಾಪೆಟ್‌ಗೆ (ಒಳಗಿನ ಸ್ಪ್ರಿಂಗ್ ಕವಾಟಕ್ಕೆ) ಸಿಕ್ಕಿಕೊಳ್ಳುತ್ತದೆ. ಶುಂಠಿ ಹಾಕಿದ ಬ್ಯಾಚಿನ ಘಮ ಸಿಲಿಕೋನ್ ಬಿಡುವುದೇ ಇಲ್ಲ. ಎಷ್ಟು ತೊಳೆದರೂ ಮುಂದಿನ ಲಾಗರ್‌ಗೆ ಬಂದೇ ಬರುತ್ತದೆ. ಅಂಥದಕ್ಕೆ ಬೇರೆ ಪೈಪು ಇಟ್ಟುಕೊಳ್ಳಿ. ಕೆಗ್ ಮುಗಿಯುವಾಗ ನಲ್ಲಿ ಉಸ್ಸೆನ್ನುತ್ತದೆ, ಕೊನೆಯ ಗ್ಲಾಸಿಗೆ ಗಸಿ ಬರುತ್ತದೆ.

ಕಾರಿನಲ್ಲಿ ಪಾರ್ಟಿಗೆ ಒಯ್ದರೆ ಗಸಿಯೆಲ್ಲ ಕದಡುತ್ತದೆ. ಹಿಂದಿನ ರಾತ್ರಿಯೇ ತಲುಪಿಸಿ ತಣ್ಣಗಿಟ್ಟರೆ ಮಧ್ಯಾಹ್ನದ ಹೊತ್ತಿಗೆ ಮೇಲ್ಭಾಗ ಸಾಕಷ್ಟು ತಿಳಿಯಾಗಿರುತ್ತದೆ. ಹಳೆ ಕೊಳವೆಯಲ್ಲಿ ಈ ಅನುಕೂಲ ಇರಲಿಲ್ಲ.

ನಾಲ್ಕು ಸ್ಟಾರ್. ಹೆಫೆವೈಜೆನ್, ಹೇಜಿ ಐಪಿಎ ಥರದ ಬಿಯರ್ ಮಾತ್ರ ಮಾಡುವವರು ದುಡ್ಡು ಉಳಿಸಿ, ಅವುಗಳಿಗೆ ಮಬ್ಬೇ ಲಕ್ಷಣ.