ಕಂಟೆಂಟ್ ರೈಟಿಂಗ್ ಕೋರ್ಸ್: ಮೊದಲ ವಾರ ಚಿನ್ನ, ಮೂರನೇ ವಾರ ಬೇಡವೇ ಬೇಡ

ನಾನು ಹೊಲಿಗೆ ಮೆಷಿನ್ ರಿಪೇರಿ ಮಾಡುವವನು. 22 ವರ್ಷದಿಂದ ಇದೇ ಕೆಲಸ. ಎರಡು ವರ್ಷದಿಂದ ಅದರ ಬಗ್ಗೆ ಆನ್‌ಲೈನ್‌ನಲ್ಲಿ ಬರೆಯುತ್ತಲೂ ಇದ್ದೇನೆ. ದಾರ ಯಾಕೆ ಕಡಿಯುತ್ತದೆ, ಬಾಬಿನ್ (ಅಡಿಯ ದಾರ ಸುತ್ತಿದ ಸಣ್ಣ ಉರುಳೆ) ಯಾಕೆ ಸಿಕ್ಕಿಕೊಳ್ಳುತ್ತದೆ, ಎಣ್ಣೆ ಎಲ್ಲೆಲ್ಲಿ ಬಿಡಬೇಕು, ಇಂಥ ವಿಷಯಗಳು. ಜನ ಬರುತ್ತಿದ್ದರು, ಅರ್ಧ ನಿಮಿಷವೂ ನಿಲ್ಲದೆ ಹೋಗುತ್ತಿದ್ದರು. ಅದು ನನಗೆ ತುಂಬಾ ಬೇಜಾರು ತಂದಿತ್ತು. ಹಾಗಾಗಿ ಆರು ವಾರದ ಒಂದು ಆನ್‌ಲೈನ್ ಕೋರ್ಸ್ ಸೇರಿದೆ. ಓದುಗರನ್ನು ಸೆಳೆದು ಕೊನೆವರೆಗೂ ಓದಿಸುವಂತೆ ಬರೆಯುವುದು ಹೇಗೆ ಅನ್ನುವುದೇ ಅಲ್ಲಿನ ಪಾಠ. ಕೋರ್ಸ್‌ನ ಹೆಸರು ಇಲ್ಲಿ ಹಾಕುತ್ತಿಲ್ಲ. ಇಂಥದ್ದಕ್ಕೆ ಸೇರಬೇಕು ಅಂದುಕೊಂಡವರು ಏನನ್ನು ಕೇಳಿ ತಿಳಿದುಕೊಳ್ಳಬೇಕು ಅಂತ ಗೊತ್ತಾದರೆ ಸಾಕು.

ವಾರಕ್ಕೆ ಎರಡು ಕ್ಲಾಸ್, ಒಂದೊಂದೂ ಒಂದೂವರೆ ಗಂಟೆ. ಬ್ಯಾಚ್‌ನಲ್ಲಿ 14 ಜನ ಇದ್ದೆವು.

ಮೊದಲ ವಾರವೇ ಈ ಕೋರ್ಸ್‌ನ ಜೀವ. ಮೇಡಂ ಬರೆಯುವುದನ್ನು ಹೇಳಿಕೊಡಲೇ ಇಲ್ಲ, ಜನ ಹೇಗೆ ಓದುತ್ತಾರೆ ಅಂತ ತೋರಿಸಿದರು. ವೆಬ್ ಪುಟಗಳನ್ನು ಜನ ಹೇಗೆ ಬಳಸುತ್ತಾರೆ ಅಂತ ಅಧ್ಯಯನ ಮಾಡುವ ಜೇಕಬ್ ನೀಲ್ಸನ್ ಅನ್ನುವವರು 1997ರಲ್ಲೇ ಇದನ್ನು ಪರೀಕ್ಷೆ ಮಾಡಿ ನೋಡಿದ್ದರಂತೆ. ಹೊಸ ಪುಟ ತೆರೆದಾಗ ಶೇಕಡಾ 79 ಜನ ಸುಮ್ನೆ ಕಣ್ಣಾಡಿಸಿದರು. ಒಂದೊಂದೇ ಪದ ಓದಿದವರು ಶೇಕಡಾ 16 ಮಾತ್ರ. 2006ರಲ್ಲಿ ಅವರ ಸಂಸ್ಥೆ ಓದುಗರ ಕಣ್ಣು ಎಲ್ಲೆಲ್ಲಿ ಓಡಾಡುತ್ತದೆ ಅಂತ ದಾಖಲಿಸಿತು. ಮೇಲಿನ ಒಂದೆರಡು ಸಾಲುಗಳ ಮೇಲೆ ನೋಟ ಅಡ್ಡಕ್ಕೆ ಹೋಗುತ್ತದೆ, ಆಮೇಲೆ ಎಡಗಡೆಯಲ್ಲೇ ಕೆಳಕ್ಕೆ ಜಾರುತ್ತದೆ. ಎಫ್ ಅಕ್ಷರದ ಆಕಾರ.

ಇಷ್ಟು ಹೇಳಿ ಒಂದು ಹೋಮ್‌ವರ್ಕ್ ಕೊಟ್ಟರು. ನಿಮ್ಮ ಬರಹವನ್ನು ಪರಿಚಯದ ಒಬ್ಬರ ಫೋನಿನಲ್ಲಿ ತೆರೆದುಕೊಡಿ. ಪಕ್ಕದಲ್ಲೇ ಕೂತು, ಒಂದು ಮಾತೂ ಆಡದೆ, ಅವರ ಹೆಬ್ಬೆರಳು ನೋಡಿ.

ನಾನು ನಮ್ಮಕ್ಕನಿಗೆ ಕೊಟ್ಟೆ. ಅವಳು ದಿನಾ ಹೊಲಿಯುವವಳು. ಬಟ್ಟೆಯ ಅಡಿಯಲ್ಲಿ ದಾರ ಗಂಟುಗಂಟಾಗುವುದರ ಬಗ್ಗೆ ನಾನು ಬರೆದಿದ್ದ ಲೇಖನ ಅದು. ಮೊದಲ ಪ್ಯಾರಾದಲ್ಲಿ ಇಲಿಯಾಸ್ ಹೋವ್ ತನ್ನ ಹೊಲಿಗೆ ಯಂತ್ರಕ್ಕೆ 1846ರಲ್ಲಿ ಪೇಟೆಂಟ್ ಪಡೆದ ಕಥೆ. ಎರಡನೆಯದರಲ್ಲಿ ಐಸಾಕ್ ಸಿಂಗರ್ 1851ರಲ್ಲಿ ತನ್ನ ಯಂತ್ರಕ್ಕೆ ಪೇಟೆಂಟ್ ಪಡೆದದ್ದು. ಅಕ್ಕನ ಹೆಬ್ಬೆರಳು ಎರಡನ್ನೂ ದಾಟಿ ಸರ್ರನೆ ಕೆಳಗಿಳಿಯಿತು. 'ಬಾಬಿನ್' ಅನ್ನುವ ಪದದ ಹತ್ತಿರ ಒಂದು ಕ್ಷಣ ನಿಂತಿತು. ಮತ್ತೆ ಮೇಲೆ ಹೋಯಿತು, ಮತ್ತೆ ಕೆಳಗೆ ಬಂತು. ಕೊನೆಗೆ ತಲೆ ಎತ್ತಿ ಕೇಳಿದಳು: "ಏನು ಮಾಡಬೇಕು ಅಂತ ಎಲ್ಲಿ ಬರೆದಿದ್ದೀಯೋ?"

ಅದು ಒಂಬತ್ತನೇ ಪ್ಯಾರಾದಲ್ಲಿತ್ತು.

ಆ ರಾತ್ರಿಯೇ ಕೂತು ತಿದ್ದಿದೆ. ಈಗ ಆ ಲೇಖನ ಹೀಗೆ ಶುರುವಾಗುತ್ತದೆ: "ಅಡಿಯಲ್ಲಿ ಗಂಟಾಗುತ್ತಿದೆ ಅಂತ ಬಾಬಿನ್ ಬಿಚ್ಚಬೇಡಿ. ಹೆಚ್ಚಿನ ಸಲ ತಪ್ಪು ಮೇಲಿನ ದಾರದಲ್ಲಿರುತ್ತದೆ. ಬಟ್ಟೆ ಒತ್ತಿ ಹಿಡಿಯುವ ಫುಟ್ ಮೇಲೆತ್ತಿ, ದಾರ ಪೂರ್ತಿ ತೆಗೆದು ಮತ್ತೆ ಪೋಣಿಸಿ. ಫುಟ್ ಕೆಳಗಿದ್ದರೆ ಮೇಲಿನ ದಾರವನ್ನು ಬಿಗಿಯಾಗಿ ಹಿಡಿಯುವ ಟೆನ್ಷನ್ ಬಿಲ್ಲೆಗಳು ಒತ್ತಿಕೊಂಡಿರುತ್ತವೆ. ದಾರ ಅವುಗಳ ನಡುವೆ ಕೂರುವುದಿಲ್ಲ." ಹೋವ್ ಕಥೆ ಕೊನೆಗೆ ಹೋಯಿತು. ತೆಗೆದುಹಾಕಲು ಮನಸ್ಸು ಬರಲಿಲ್ಲ. ಕೆಲಸ ಮುಗಿದವರು ಬೇಕಾದರೆ ಓದಲಿ ಅಲ್ವಾ?

ಎರಡನೇ ವಾರ ವಾಕ್ಯ, ಪ್ಯಾರಾ. ಬರೆದದ್ದನ್ನು ಜೋರಾಗಿ ಓದಿ, ಉಸಿರು ಸಿಕ್ಕಿಕೊಂಡಲ್ಲಿ ಕತ್ತರಿಸಿ ಅಂದರು. ಚೆನ್ನಾಗಿತ್ತು.

ಮೂರನೇ ವಾರ ತಲೆಬರಹ. ಇಲ್ಲಿ ನನಗೆ ನಿಜವಾಗಿಯೂ ಕೋಪ ಬಂತು. ಬೇರೆ ಸರ್ ಬಂದು 50 ರೆಡಿಮೇಡ್ ತಲೆಬರಹಗಳ ಹಾಳೆ ಹಂಚಿದರು. 'ಇದನ್ನು ಓದಿದರೆ ಬೆಚ್ಚಿಬೀಳುತ್ತೀರಿ', 'ಶೇಕಡಾ 90 ಜನ ಮಾಡುವ ತಪ್ಪು', ಈ ಥರದ್ದು. 90 ಎಲ್ಲಿಂದ ಬಂತು ಸರ್ ಅಂತ ಕೇಳಿದೆ. ಅಂಕಿ ಇದ್ದರೆ ಜಾಸ್ತಿ ಒತ್ತುತ್ತಾರೆ ಅಂದರು. ನಾಳೆ ಕೊಡಬೇಕಾದ ಬಟ್ಟೆ ಮುಂದಿಟ್ಟುಕೊಂಡು, ನಿಂತುಹೋದ ಮೆಷಿನ್ ಎದುರು ಕೂತವರು ನನ್ನ ಬರಹ ತೆರೆಯುತ್ತಾರೆ. ಅವರಿಗೆ ಸುಳ್ಳು ಅಂಕಿ ಕೊಡಲು ನನ್ನಿಂದಾಗದು. ನಾನಿಟ್ಟ ತಲೆಬರಹ 'ಬಟ್ಟೆಯ ಅಡಿಯಲ್ಲಿ ದಾರ ಗಂಟಾಗುತ್ತಿದ್ದರೆ ಮೇಲಿನ ದಾರ ನೋಡಿ'. ಅರ್ಧ ಉತ್ತರ ಅಲ್ಲೇ ಇದೆ. ಉಳಿದರ್ಧಕ್ಕಾಗಿ ಜನ ಒಳಗೆ ಬರುತ್ತಾರೆ ಅನ್ನುವುದು ಈಗ ನನ್ನ ಅನುಭವ.

ನಾಲ್ಕನೇ ವಾರ ಸರ್ಚ್, ಅಂದರೆ ಗೂಗಲ್‌ನಲ್ಲಿ ಹುಡುಕಿದವರಿಗೆ ನಮ್ಮ ಬರಹ ಸಿಗುವಂತೆ ಮಾಡುವುದು. ಪಾಠ ಹಳೆಯದಾಗಿತ್ತು. ನೂರು ಪದಕ್ಕೆ ಎರಡು ಸಲ ಕೀವರ್ಡ್ (ಜನ ಹುಡುಕಲು ಬಳಸುವ ಪದ) ಬರಲೇಬೇಕು ಅಂದರು. ಪುಟದ ಹಿಂಬದಿಯ ಕೋಡ್‌ನಲ್ಲಿ, ಓದುಗರಿಗೆ ಕಾಣದ ಕೀವರ್ಡ್ಸ್ ಟ್ಯಾಗ್ ಅನ್ನುವ ಜಾಗದಲ್ಲಿ ಅಂಥ ಪದಗಳನ್ನು ತುಂಬಿಸಿದರು. ವೆಬ್ ಸರ್ಚ್ ರ‍್ಯಾಂಕಿಂಗ್‌ಗೆ ಆ ಟ್ಯಾಗ್ ಬಳಸುವುದಿಲ್ಲ ಅಂತ ಗೂಗಲ್ 2009ರಲ್ಲೇ ಹೇಳಿದೆ. 2022ರ ಡಿಸೆಂಬರ್‌ನಲ್ಲಿ, ಪುಟಗಳ ಗುಣಮಟ್ಟ ಅಳೆಯುವವರಿಗೆ ಕೊಡುವ ತನ್ನ ಮಾರ್ಗಸೂಚಿಯಲ್ಲಿ 'ಅನುಭವ' ಅನ್ನುವುದನ್ನೂ ಗೂಗಲ್ ಸೇರಿಸಿತು. ಬರೆದವರು ಆ ಕೆಲಸವನ್ನು ತಾವೇ ಮಾಡಿದ್ದಾರಾ, ಆ ವಸ್ತುವನ್ನು ಬಳಸಿದ್ದಾರಾ ಅನ್ನುವ ಪ್ರಶ್ನೆ ಅದು. ನಮ್ಮ ಬ್ಯಾಚ್‌ನಲ್ಲಿ ಒಬ್ಬರು ನರ್ಸ್, ಒಬ್ಬರು ಜೇನು ಸಾಕುವವರು, ಇನ್ನೊಬ್ಬರು ಮಕ್ಕಳಿಗೆ ಚೆಸ್ ಕಲಿಸುವವರು. ಎಲ್ಲರ ಹತ್ತಿರವೂ ಕೈಯಾರೆ ಮಾಡಿ ಗೊತ್ತಾದ ವಿಷಯ ಇತ್ತು. ಈ ಒಂದು ಮಾತು ಹೇಳಿದ್ದರೆ ಅವರಿಗೆಲ್ಲ ಎಷ್ಟು ಧೈರ್ಯ ಬರುತ್ತಿತ್ತು!

ಐದನೇ ವಾರ ಫೋಟೋ. ಕಣ್ಣು ಕಾಣದವರಿಗೆ ಸ್ಕ್ರೀನ್ ರೀಡರ್ ಓದಿ ಹೇಳುವ ವಿವರಣೆ ಬರೆಯುವುದನ್ನು ಕಲಿತೆ. ಮೊದಲು ನಾನು 'ಫೋಟೋ 1' ಅಂತ ಹಾಕುತ್ತಿದ್ದೆ. ಈಗ 'ಫುಟ್ ಮೇಲೆತ್ತಿದೆ, ದಾರ ಎರಡು ಬಿಲ್ಲೆಗಳ ನಡುವೆ ಇಳಿದಿದೆ' ಅಂತ ಬರೆಯುತ್ತೇನೆ.

ಕೊನೆಯ ವಾರ ಒಬ್ಬೊಬ್ಬರ ಬರಹವನ್ನೂ ಮೇಡಂ ತಿದ್ದಿಕೊಡಬೇಕಿತ್ತು. ನನ್ನದು ಬಂದದ್ದು 12 ದಿನ ತಡವಾಗಿ. ಆದರೆ ಬಂದಾಗ ಮನಸ್ಸು ತುಂಬಿತು. 'ಅದು', 'ಅದನ್ನು' ಅಂತ ಬರೆದ 11 ಕಡೆ ಕೆಂಪು ಗೆರೆ ಎಳೆದಿದ್ದರು. "ಅದನ್ನು ಸ್ವಲ್ಪ ಸಡಿಲಿಸಿ" ಅಂದರೆ ಯಾವುದನ್ನು? ಮೇಲಿನ ಟೆನ್ಷನ್ ತಿರುಪನ್ನೋ, ಬಾಬಿನ್ ಕೇಸಿನ ಸಣ್ಣ ಸ್ಕ್ರೂವನ್ನೋ? ಮೆಷಿನ್ ಎದುರಿಗಿದ್ದರೆ ನಾನು ಬೆರಳು ತೋರಿಸುತ್ತೇನೆ. ಬರಹದಲ್ಲಿ ಆ ಬೆರಳು ಇರುವುದಿಲ್ಲ. ಅಷ್ಟು ಗಮನ ಕೊಟ್ಟು ಓದಿದ ಅವರಿಗೆ ನಾನು ಋಣಿ.

ಕ್ಲಾಸಿನ ರೆಕಾರ್ಡಿಂಗ್ 30 ದಿನ ಮಾತ್ರ ಸಿಗುತ್ತದೆ, ಅದು ಸಾಲದು. ಓದುಗರು ಪ್ರಶ್ನೆ ಕೇಳಿದಾಗ ಏನು ಮಾಡಬೇಕು ಅನ್ನುವುದಕ್ಕೆ ಒಂದು ಕ್ಲಾಸೂ ಇರಲಿಲ್ಲ. ಒಟ್ಟಿಗೆ ನಾನು ಕೊಡುವುದು ಐದಕ್ಕೆ ಮೂರೂವರೆ. ಇಂಥ ಕೋರ್ಸ್ ಸೇರುವ ಮುಂಚೆ ಒಂದೇ ಮಾತು ಕೇಳಿ: ನನ್ನ ಬರಹವನ್ನು ಒಬ್ಬರು ಪೂರ್ತಿ ಓದಿ ತಿದ್ದುತ್ತಾರಾ? ಇಲ್ಲ ಅಂದರೆ ಬೇರೆ ಕಡೆ ನೋಡಿ.

ತಿದ್ದಿದ ಲೇಖನ ಓದಿ ಒಬ್ಬರು ಬರೆದಿದ್ದರು: ಫುಟ್ ಎತ್ತಿಯೇ ಪೋಣಿಸಿದೆ, ಆದರೂ ಗಂಟಾಗುತ್ತಿದೆ. ಫೋಟೋ ಕಳಿಸಿ ಅಂದೆ. ಟೆನ್ಷನ್ ಬಿಲ್ಲೆಗಳ ನಡುವೆ ಬಟ್ಟೆಯ ನೂಲುಧೂಳು ಗಟ್ಟಿಯಾಗಿ ಕೂತಿತ್ತು. ಅದನ್ನು ತೆಗೆಯುವ ಬಗೆ ಈಗ ಲೇಖನದ ಎರಡನೇ ಪ್ಯಾರಾದಲ್ಲಿದೆ.